ಎಲ್‌ವುಡ್ ಕೌಂಟಿಯಲ್ಲಿ ಕರೇಮಟ್ಟಿ

ಪರೇಲಿನ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಗೂ ಕಟ್ಟಿಗೆಯ ಅಡ್ಡೆಗೂ ನಡುವೆ, ಹಳೆಯದೊಂದು ಕಲ್ಲಚ್ಚಿನ ಛಾಪಖಾನೆ ಇತ್ತು. ಮುಂಬಯಿಯ ದೊಡ್ಡ ಛಾಪಖಾನೆಗಳೆಲ್ಲ ಕಲ್ಲನ್ನು ಬಿಟ್ಟು ಸತುವಿನ ತಗಡನ್ನು ಹಿಡಿದು ಎಷ್ಟೋ ಕಾಲವಾಗಿದ್ದರೂ, ಇದರ ಮಾಲಕರಾದ ಕರಮರಕರರು ಮಾತ್ರ ತಂದೆಯ ಕಾಲದ ಕಲ್ಲುಗಳನ್ನು ಬಿಟ್ಟಿರಲಿಲ್ಲ. ನುಣ್ಣಗೆ ಉಜ್ಜಿದ ಚಪ್ಪಟೆ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಎಲ್ಲವನ್ನೂ ಎಡಬಲ ಮಾಡಿ ಬರೆಯಬೇಕು. ಕಾಗದವಿಟ್ಟು ಒತ್ತಿದಾಗ ಅದು ನೆಟ್ಟಗೆ ಮೂಡುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಹೀಗೆ ಬಲದಿಂದ ಎಡಕ್ಕೆ, ಮುತ್ತು ಪೋಣಿಸಿದಂತೆ ಬರೆಯಬಲ್ಲವನು ಆ ಓಣಿಯಲ್ಲಿ ಗದಿಗೆಪ್ಪನೊಬ್ಬನೇ.

ಅವನ ಮುಖ್ಯ ಕೆಲಸ ನಕಾಶೆಗಳದು. ಶಾಲೆಯ ಗೋಡೆಗೆ ತೂಗುಹಾಕುವ ನಕಾಶೆ, ರೈಲು ದಾರಿಯ ನಕಾಶೆ, ಯಾವುದೋ ಸಂಸ್ಥಾನದ ಕಾಡಿನ ನಕಾಶೆ, ಎಲ್ಲವೂ ಅವನ ಕೈಯಿಂದಲೇ ಕಲ್ಲಿಗೆ ಇಳಿಯುತ್ತಿದ್ದವು. ಬೇರೆ ಕಲ್ಲುಬರಹಗಾರರು ತಪ್ಪಾಗದಿರಲೆಂದು ಪಕ್ಕದಲ್ಲಿ ಒಂದು ಕನ್ನಡಿಯನ್ನು ನಿಲ್ಲಿಸಿಕೊಂಡು, ಬರೆದದ್ದನ್ನು ಅದರಲ್ಲಿ ಓದಿ ನೋಡುವುದು ವಾಡಿಕೆ. ಗದಿಗೆಪ್ಪ ಕನ್ನಡಿ ಇಡುತ್ತಿರಲಿಲ್ಲ. “ಕೈಗೆ ಗೊತ್ತೈತಿ, ಕಣ್ಣಿಗೆ ಯಾಕ ತ್ರಾಸ?” ಎನ್ನುತ್ತಿದ್ದ. ಅದು ಅವನ ಒಂದೇ ಒಂದು ಹೆಮ್ಮೆ.

ಅವನ ಊರು ವಿಜಾಪುರ ಜಿಲ್ಲೆಯ ಕರೇಮಟ್ಟಿ. ನೂರಿಪ್ಪತ್ತು ಮನೆಗಳ ಹಳ್ಳಿ. ಮೂರು ಕಡೆ ಎರೆಹೊಲ, ನಾಲ್ಕನೆಯ ಕಡೆ ಮೊಣಕೈಯಂತೆ ಬಾಗಿ ಹರಿಯುವ ಒಂದು ಹಳ್ಳ. ವರ್ಷದ ಒಂಬತ್ತು ತಿಂಗಳು ಆ ಹಳ್ಳದಲ್ಲಿ ಕೋಳಿ ಸಹ ಕಾಲು ಒದ್ದೆ ಮಾಡಿಕೊಳ್ಳದೆ ದಾಟುತ್ತಿತ್ತು. ಮಳೆಗಾಲ ಬಂತೆಂದರೆ ಮಾತ್ರ ಅದರ ಸ್ವಭಾವವೇ ಬೇರೆ. ಹದಿನಾಲ್ಕು ವರ್ಷಗಳ ಹಿಂದೆ ಒಂದು ಶ್ರಾವಣದಲ್ಲಿ ಗದಿಗೆಪ್ಪನ ಮಗಳು ನಾಗವ್ವನಿಗೆ ಜ್ವರ ಬಂತು. ಆರು ವರ್ಷದ ಕೂಸು. ದವಾಖಾನೆ ಹಳ್ಳದಾಚೆ ನಾಲ್ಕು ಮೈಲು. ಹಳ್ಳ ಮೂರು ದಿನ ಇಳಿಯಲಿಲ್ಲ. ಗುಡ್ಡದ ಸುತ್ತುದಾರಿಯೊಂದು ಇತ್ತು, ಆದರೆ ಎರೆಮಣ್ಣು ನೆನೆದರೆ ಅಲ್ಲಿ ಗಾಡಿಯೂ ನಡೆಯದು, ಕಾಲೂ ನಡೆಯದು. ನಾಲ್ಕನೆಯ ದಿನ ಹಳ್ಳ ಇಳಿಯಿತು; ಆಗ ದಾಟುವ ಅವಶ್ಯಕತೆ ಉಳಿದಿರಲಿಲ್ಲ.

ಆಮೇಲೆ ಗದಿಗೆಪ್ಪನಿಗೆ ಆ ನೀರಿನ ಸಪ್ಪಳವನ್ನು ಕೇಳುವುದಾಗಲಿಲ್ಲ. ಸರ್ವೆಯವರ ಜೊತೆ ಸರಪಳಿ ಹಿಡಿದು ಅಳತೆ ಮಾಡಿದ ಅನುಭವವಿತ್ತು, ಅಕ್ಷರ ಚೆನ್ನಾಗಿದ್ದವು, ಮುಂಬಯಿಗೆ ಬಂದುಬಿಟ್ಟ. ಹೆಂಡತಿ ರಾಚವ್ವ ಬರಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಬಿಟ್ಟು ಹೇಗೆ ಬರಲಿ ಎಂದಳು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅವನು ಊರಿಗೆ ಹೋಗುತ್ತಿದ್ದ, ಅದೂ ಹಳ್ಳದ ದಾರಿಯಿಂದಲ್ಲ. ಆರು ಮೈಲು ಸುತ್ತಿ ಗುಡ್ಡದ ಕಡೆಯಿಂದ ಇಳಿದು, ನಾಲ್ಕು ದಿನ ಕಟ್ಟೆಯ ಮೇಲೆ ಕುಳಿತು, ಅದೇ ದಾರಿಯಿಂದ ಮರಳುತ್ತಿದ್ದ.

ಹೋದ ವರ್ಷ ಅವನ ತಾಯಿ ತೀರಿಕೊಂಡಳು. ಇನ್ನು ರಾಚವ್ವ ಬರಬಹುದು ಎಂಬ ಆಸೆಗೆ ಗದಿಗೆಪ್ಪ ಆಂಟಾಪ್ ಹಿಲ್ಲಿನ ಒಂದು ಹೊಸ ಚಾಳಿನಲ್ಲಿ ಖೋಲಿ ಹಿಡಿದ. ಖೋಲಿಯ ಮಾಲಕ ಕಟ್ಟುನಿಟ್ಟಿನವನು: ಕುಟುಂಬದವರಿಗಷ್ಟೇ ಜಾಗ, ದೀಪಾವಳಿಯೊಳಗೆ ಹೆಂಡತಿ ಬರಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಗದಿಗೆಪ್ಪ ಗೋಡೆಗೆ ಸುಣ್ಣ ಬಳಿದ. ಪೂಜೆಗೊಂದು ಸಣ್ಣ ಜಗುಲಿಯನ್ನು ಕಟ್ಟಿದ. ರೊಟ್ಟಿಯ ಹಂಚು ತಂದಿಟ್ಟ. ಬಟ್ಟೆ ಒಣಗಿಸುವ ಹಗ್ಗವನ್ನು ರಾಚವ್ವನ ಕೈಗೆ ಎಟಕುವಂತೆ ಒಂದು ಗೇಣು ಕೆಳಗೆ ಕಟ್ಟಿದ. ಮೂರು ಕಾಗದ ಬರೆದ. ಒಂದಕ್ಕೂ ಜವಾಬು ಬರಲಿಲ್ಲ.

ಇಂಥ ದಿನಗಳಲ್ಲಿ, ಐವತ್ತೈದನೆಯ ಇಸವಿಯ ಆಷಾಢದಲ್ಲಿ, ಸದಾನಂದ ಎಂಬ ಉಡುಪಿ ಕಡೆಯ ತರುಣ ಅಧ್ಯಾಪಕರು ಛಾಪಖಾನೆಗೆ ಬಂದರು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಶಿಷ್ಯವೇತನ ದೊರೆತು ಅಮೇರಿಕೆಯ ಎಲ್‌ವುಡ್ ಕೌಂಟಿ ಎಂಬ ಹಳ್ಳಿಗಾಡಿನಲ್ಲಿ ಹನ್ನೊಂದು ತಿಂಗಳು ಇದ್ದು ಬಂದಿದ್ದರು. ಕೌಂಟಿಯೆಂದರೆ ನಮ್ಮ ತಾಲೂಕಿನಂಥ ಒಂದು ಸೀಮೆ. ಅದರ ನೆಲ, ಜನ, ಆಡಳಿತಗಳ ಬಗ್ಗೆ ಅವರು ಬರೆದ ಸಣ್ಣ ಪುಸ್ತಕವನ್ನು ಮಾಟುಂಗದ ಒಂದು ಕನ್ನಡ ಸಂಘ ಅಚ್ಚು ಹಾಕಿಸುತ್ತಿತ್ತು. ಅದಕ್ಕೊಂದು ನಕಾಶೆ ಬೇಕಾಗಿತ್ತು.

“ಹೆಸರೆಲ್ಲ ಕನ್ನಡದಲ್ಲೇ ಬರಬೇಕು ಗದಿಗೆಪ್ಪನವರೇ. ಬರೆಯುವ ಮೊದಲು ಪುಸ್ತಕವನ್ನು ಒಮ್ಮೆ ಓದಿ ಆಯ್ತಾ? ಓದಿದರೆ ಆ ಊರು ನಿಮಗೆ ಕಾಣ್ತದೆ,” ಎಂದು ಹಸ್ತಪ್ರತಿಯನ್ನೇ ಕೊಟ್ಟು ಹೋದರು.

ಭಾನುವಾರ ಮಧ್ಯಾಹ್ನ ಗದಿಗೆಪ್ಪ ಅದನ್ನು ಬಸವಂತಪ್ಪನ ಖಾನಾವಳಿಗೆ ಒಯ್ದ. ಬಸವಂತಪ್ಪ ಅವನ ಸೀಮೆಯವನೇ. ಆ ಕಡೆಯ ಒಂಟಿ ಗಂಡಸರು ಇಪ್ಪತ್ತು ಮಂದಿ ಅವನಲ್ಲಿ ಜೋಳದ ರೊಟ್ಟಿ ಉಣ್ಣುತ್ತಿದ್ದರು. ಊಟವಾದ ಮೇಲೆ ಗದಿಗೆಪ್ಪ ಗಟ್ಟಿಯಾಗಿ ಓದತೊಡಗಿದ. ಇಪ್ಪತ್ನಾಲ್ಕು ಮೈಲು ಉದ್ದ, ಇಪ್ಪತ್ನಾಲ್ಕು ಮೈಲು ಅಗಲ, ಪಟ್ಟಿ ಹಿಡಿದು ಗೆರೆ ಎಳೆದಂಥ ಚೌಕ. ಒಂಬತ್ತು ಸಾವಿರ ಜನ. ಗೋವಿನ ಜೋಳ, ಗೋದಿ, ಹಂದಿಗಳು. ನಟ್ಟನಡುವೆ ಗಡಿಯಾರದ ಗೋಪುರವಿರುವ ಕಚೇರಿ. ಆಡಳಿತ ನಡೆಸಲು ರೈತರೇ ಆರಿಸಿದ ಮೂವರು ಕಮಿಶನರರು.

“ಫೌಜದಾರನ್ನ ಸುದ್ದಾ ಅಲ್ಲಿ ಮಂದೀನ ಆರಿಸತಾರಂತ,” ಎಂದ ಗದಿಗೆಪ್ಪ.

ಹಿಟ್ಟು ನಾದುತ್ತಿದ್ದ ಬಸವಂತಪ್ಪನ ಕೈ ನಿಂತಿತು. “ಏನಂದಿ? ಫೌಜದಾರ ನಮ್ಮ ಬಾಗಲಿಗೆ ಬಂದು, ಯಪ್ಪಾ, ನಂಗೊಂದು ಓಟು ಹಾಕ್ರಿ ಅಂತ ಕೈ ಮುಗೀತಾನ? ಆ ಊರಾಗ ಕಳ್ಳರು ಅದಾರೋ ಇಲ್ಲೋ?”

“ಅದಾರ. ಅವರೂ ಓಟು ಹಾಕತಾರ.”

ಖಾನಾವಳಿಯೆಲ್ಲ ನಕ್ಕಿತು.

“ಹೊಲಕ್ಕೊಂದು ಮನಿ ಅಂತ. ಬಾಜೂ ಮನಿ ಅರ್ಧಾ ಮೈಲು ದೂರ.”

“ಹಂಗಾದ್ರ ಹೆಂಗಸರು ಜಗಳಾ ಯಾರ ಕೂಡ ತಗೀತಾರೋ ಮಾರಾಯಾ?” ಎಂದ ಬಸವಂತಪ್ಪ. “ಪಾಪ, ಗಂಡನ ಕೂಡನ ತಗೀಬೇಕು. ಬ್ಯಾರೆ ದಿಕ್ಕಿಲ್ಲ.”

ಗದಿಗೆಪ್ಪನೂ ನಕ್ಕ. ಆದರೆ ಸೇತುವೆಗಳ ಮಾತು ಬಂದಾಗ ಅವನ ದನಿ ತಗ್ಗಿತು. ಎಲ್‌ವುಡ್ ಕೌಂಟಿಯಲ್ಲಿ ನೂರಾ ಹನ್ನೆರಡು ಸಣ್ಣ ಸೇತುವೆಗಳಿವೆ, ಒಂದೊಂದಕ್ಕೂ ಒಂದು ನಂಬರಿದೆ, ಯಾವುದೋ ಒಂದರ ಹಲಗೆ ಮುರಿದರೆ ರೈತನು ಕಚೇರಿಗೆ ಎರಡು ಸಾಲು ಬರೆದು ಹಾಕುತ್ತಾನೆ, ವಾರದೊಳಗೆ ಕಮಿಶನರನು ತಾನೇ ಬಂದು ನೋಡುತ್ತಾನೆ ಎಂದು ಸದಾನಂದರು ಬರೆದಿದ್ದರು. ಆ ಪುಟವನ್ನು ಗದಿಗೆಪ್ಪ ಮನಸ್ಸಿನಲ್ಲೇ ಮತ್ತೆರಡು ಸಲ ಓದಿಕೊಂಡ. ಬಸವಂತಪ್ಪ ಅವನ ಮುಖ ನೋಡಿ ಮತ್ತೆ ಹಿಟ್ಟು ನಾದತೊಡಗಿದ.

ಮರುದಿನ ನಕಾಶೆಯನ್ನು ಕಲ್ಲಿಗೆ ಇಳಿಸಲು ಕುಳಿತ. ಮೂಲ ನಕಾಶೆಯಲ್ಲಿ ವಿಲೋ ಕ್ರೀಕ್ ಎಂಬ ಹಳ್ಳ ಎಡಮೂಲೆಯಿಂದ ಬಂದು ಬಲಕ್ಕೆ ಇಳಿಯುತ್ತಿತ್ತು. ಕಲ್ಲಿನ ಮೇಲೆ ಎಡಬಲವಾಗಬೇಕಲ್ಲ! ಬಲಮೂಲೆಯಿಂದ ಎಡಕ್ಕೆ ಗೆರೆ ಎಳೆಯುತ್ತ ಬಂದವನು, ಹಳ್ಳ ಬಾಗುವ ಜಾಗದಲ್ಲಿ ಲೇಖನಿಯನ್ನು ಎತ್ತಿಬಿಟ್ಟ. ಅದು ಅವನ ಊರಿನ ಹಳ್ಳ. ಅದೇ ಮೊಣಕೈ, ಅದೇ ಇಳಿಜಾರು, ಮೇಲ್ಗಡೆ ಗುಡ್ಡದ ಅದೇ ಓರೆ. ಕಾಗದದ ಮೇಲೆ ಅಮೇರಿಕೆಯಾಗಿದ್ದದ್ದು ಕಲ್ಲಿನ ಮೇಲೆ ವಿಜಾಪುರ ಜಿಲ್ಲೆಯಾಗಿ ಮಲಗಿತ್ತು.

ಹತ್ತು ದಿನ ಅವನು ಆ ಕಲ್ಲಿನ ಮೇಲೆ ಕೆಲಸ ಮಾಡಿದ. ಅಷ್ಟು ನಿಧಾನವಾಗಿ ಅವನು ಯಾವ ಕಲ್ಲನ್ನೂ ಬರೆದಿರಲಿಲ್ಲ. ಬೆಳಿಗ್ಗೆ ಬಂದವನೇ ಮುಚ್ಚಿದ ಬಟ್ಟೆಯನ್ನು ಸರಿಸಿ ಸುಮ್ಮನೆ ನೋಡುತ್ತಿದ್ದ. ಊರಬಾಗಿಲ ಅಗಸಿ ಇಲ್ಲಿ, ಬಸವಣ್ಣನ ಗುಡಿ ಇಲ್ಲಿ, ಹಿತ್ತಿಲಲ್ಲಿ ಕುಳಿತು ರಾಚವ್ವ ಜೋಳ ಹಸನು ಮಾಡುತ್ತಿರುವುದು ಇಲ್ಲಿ ಎಂದು ಕಣ್ಣು ತಾನಾಗಿ ಓಡುತ್ತಿತ್ತು. ಕೈ ಮಾತ್ರ ಕೌಂಟಿಯ ಹೋಬಳಿಗಳಂಥ ಟೌನ್‌ಶಿಪ್ಪುಗಳ ಹೆಸರುಗಳನ್ನು ಒಂದೊಂದಾಗಿ ಹಿಂದುಮುಂದಾಗಿ ಬರೆಯುತ್ತ ಹೋಗುತ್ತಿತ್ತು.

ಮಾದರಿ ಅಚ್ಚು ತೆಗೆದ ದಿನ ಸದಾನಂದರು ಬಂದರು. ಕಾಗದವನ್ನು ಬೆಳಕಿಗೆ ಹಿಡಿದು ಮೆಚ್ಚಿ ತಲೆದೂಗುತ್ತಿದ್ದವರು ಒಮ್ಮೆಲೆ ಹತ್ತಿರ ತಂದು ನೋಡಿದರು.

“ಅಲ್ಲ ಮಾರಾಯ್ರೆ, ನಾನು ಸೈಕಲಿನಲ್ಲಿ ಇಡೀ ಕೌಂಟಿ ಸುತ್ತಿದ್ದೇನೆ. ಈ ಕರೇಮಟ್ಟಿ ಎಲ್ಲಿಂದ ಬಂತು?”

ಗದಿಗೆಪ್ಪ ಬಗ್ಗಿ ನೋಡಿದ. ಹಳ್ಳದ ಬಾಗಿನಲ್ಲಿ, ಮೂಲದಲ್ಲಿ ಖಾಲಿಯಿದ್ದ ಜಾಗದಲ್ಲಿ, ದುಂಡಾದ ಅಕ್ಷರಗಳಲ್ಲಿ ಕರೇಮಟ್ಟಿ ಎಂದಿತ್ತು. ಯಾವಾಗ ಬರೆದೆನೆಂಬುದು ಅವನಿಗೆ ನಿಜವಾಗಿಯೂ ನೆನಪಾಗಲಿಲ್ಲ.

ಕರಮರಕರರು ಬೆಳಗಾವಿಯ ಕಡೆಯವರು, ಕನ್ನಡ ಬಲ್ಲವರು. ಕೂಗಿಕೊಂಡೇ ಬಂದರು. “ಅರೇ ದೇವಾ! ಕನ್ನಡಿ ಇಟ್ಟಕೋ, ಕನ್ನಡಿ ಇಟ್ಟಕೋ ಅಂತ ಹದಿನಾಲ್ಕು ವರ್ಷ ಬಡಕೊಂಡೆ! ಸಾಹೇಬರು ಅಮೇರಿಕಾದ ನಕಾಶೆ ಮಾಡು ಅಂದರೆ ಇಂವಾ ತನ್ನ ಘರ್ ಬಾಂಧತಾನ ಅಲ್ಲಿ!”

“ಬೈಬೇಡಿ, ಬೈಬೇಡಿ,” ಎಂದರು ಸದಾನಂದರು. ಗದಿಗೆಪ್ಪನ ಕಡೆ ತಿರುಗಿ, “ನಿಮ್ಮ ಊರಾ?” ಎಂದು ಕೇಳಿದರು.

“ಹೌದ್ರಿ.”

“ಆ ಜಾಗದಲ್ಲಿ ಏನೂ ಇಲ್ಲ ಗೊತ್ತುಂಟಾ? ಒಂದು ಹುಲ್ಲುಗಾವಲು, ನಾಲ್ಕು ದನ. ನಿಮ್ಮ ಊರು ಅಲ್ಲಿದ್ದರೆ ಅವರಿಗೆ ಏನೂ ತೊಂದರೆ ಇರಲಿಲ್ಲ.” ಕಾಗದವನ್ನು ಮೇಜಿನ ಮೇಲಿಟ್ಟು ಹೇಳಿದರು: “ಆದರೆ ಅಳಿಸಬೇಕಾಗ್ತದೆ ಮಾರಾಯ್ರೆ. ಓದುವವರು ಹುಡುಕಿಕೊಂಡು ಹೋದರೆ?”

ಕಲ್ಲಿನ ಮೇಲೆ ಬರೆದದ್ದನ್ನು ಒರೆಸಲು ಬರುವುದಿಲ್ಲ. ಚೂಪಾದ ಅಲಗಿನಿಂದ ಕೆರೆದು ತೆಗೆಯಬೇಕು. ನಾಲ್ಕಕ್ಷರದ ಊರನ್ನು ಕೆರೆಯಲು ಗದಿಗೆಪ್ಪನಿಗೆ ಅರ್ಧ ದಿನ ಹಿಡಿಯಿತು. ಒಂದೊಂದು ಅಕ್ಷರ ಪುಡಿಯಾಗಿ ಏಳುತ್ತಿದ್ದಂತೆ ಅವನು ಅದನ್ನು ಮೆಲ್ಲನೆ ಊದುತ್ತಿದ್ದ. ಊರು ಬಿಟ್ಟು ಬಾ, ಊರು ಬಿಟ್ಟು ಬಾ ಎಂದು ರಾಚವ್ವನಿಗೆ ಬರೆದ ಮೂರು ಕಾಗದಗಳು ಆಗ ನೆನಪಾಗಿ, ಅಲಗನ್ನು ಕೆಳಗಿಟ್ಟ. ಅವಳಿಗೆ ತಾನು ಹೇಳುತ್ತಿರುವುದೂ ಇದೇ ಕೆಲಸವಲ್ಲವೇ ಎನ್ನಿಸಿತು. ಹಾಗೆನ್ನಿಸಿದರೂ, ಅವಳು ಬರಲಿ ಎಂಬ ಆಸೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಅದೇ ವಾರ ಜವಾಬು ಬಂತು. ಅಕ್ಷರ ಊರ ಶಾಲೆಯ ಚನ್ನಬಸಯ್ಯ ಮಾಸ್ತರರದು. ಮೊದಲಿನ ಶರಣು ಶರಣಾರ್ಥಿಯಷ್ಟೇ ಅವರ ಸ್ವಂತ ಮಾತು. ಅಲ್ಲಿಂದ ಮುಂದೆ ರಾಚವ್ವ ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದರು.

“ಮೂರೂ ಕಾಗದ ಮುಟ್ಟಿದವು. ಸಿಟ್ಟಾಗಬ್ಯಾಡ್ರಿ. ಏನಂತ ಬರಸಬೇಕು ತಿಳೀವಲ್ದಾಗಿತ್ತು. ಹೋದ ತಿಂಗಳ ಪಂಚಾಯತಿಗೆ ಮಂದಿ ಆರಿಸಿದರು. ಮ್ಯಾಲಿನ ಓಣಿಗೂ ಕೆಳಗಿನ ಓಣಿಗೂ ಜಗಳ ಹತ್ತಿ, ಕಡೀಕ ಎರಡೂ ಕಡಿಯವರು ನನ್ನ ಹೆಸರು ಹಾಕಿದರು. ನಕ್ಕವರು ನಕ್ಕರು. ನಾ ಆರಿಸಿ ಬಂದೇನಿ. ಹಳ್ಳಕ್ಕ ಸೇತುವಿ ಆಗೂತನಕಾ ಊರು ಬಿಡಾಂಗಿಲ್ಲ ಅಂತ ಬಸವಣ್ಣನ ಮುಂದ ನಿಂತು ಹೇಳೇನಿ. ನಾಗಿ ಇದ್ದಿದ್ರ ಈಗ ಆಕಿಗೆ ಇಪ್ಪತ್ತು ವರ್ಷ. ನಿಮ್ಮ ಖೋಲಿ ಚಲೋ ಐತಂತ ಬರದೀರಿ, ಅದನ್ನ ಓದಿಸಿ ಓದಿಸಿ ಕೇಳೇನಿ. ಒಂದ ಮಾತು. ಲೋಕಲ್ ಬೋರ್ಡಿನವರು ನಕಾಶೆ ಇಲ್ಲದ ಅರ್ಜಿ ಮುಟ್ಟೂದಿಲ್ಲ. ಸರ್ವೆ ನಕಾಶೆದಾಗ ಹಳ್ಳ ಹಳೇ ಜಾಗದಾಗ ಐತಿ. ಅದು ಈಚಿ ಕಡಿಗೆ ಸರದು ಏಳೆಂಟು ವರ್ಷ ಆತು. ಯಾರ್ಯಾರದೋ ಊರಿನ ನಕಾಶೆ ತಗೀತೀರಿ. ನಮ್ಮೂರಿಂದೊಂದು ತಗದ ಕೊಡ್ರಿ.”

ಎರಡು ದಿನ ಗದಿಗೆಪ್ಪ ಕಾಗದವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ. ಮೂರನೆಯ ದಿನ ಬಸವಂತಪ್ಪ ತಾನೇ ಕಾಗದವನ್ನು ಕಿತ್ತುಕೊಂಡು, ಉಣ್ಣಲು ಬಂದ ಒಬ್ಬನಿಂದ ಓದಿಸಿಕೊಂಡ.

“ಅಯ್ಯ ಇವನ! ಅಮೇರಿಕಾದಾಗ ಕಮಿಶನರ್ ಮೂರು ಮಂದಿ ಅಂತ ನಮಗ ಪುರಾಣ ಹೇಳಿದಿ. ನಿನ್ನ ಮನ್ಯಾಗ ಒಬ್ಬಾಕಿ ಕಮಿಶನರ್ ಆಗಿ ಕುಂತಾಳ, ನಿನಗ ಖಬರಿಲ್ಲ!”

“ನಗಬ್ಯಾಡ ಬಸವಂತಪ್ಪ. ಆಕಿ ಬರಾಂಗಿಲ್ಲ.”

“ಬರಾಂಗಿಲ್ಲ,” ಎಂದು ಬಸವಂತಪ್ಪ ಒಪ್ಪಿಕೊಂಡ. “ಆಕಿ ಕೇಳಿದ್ದರ ಮಾಡು.”

ಗದಿಗೆಪ್ಪ ಒಳ್ಳೆಯ ದಪ್ಪ ಕಾಗದ ತಂದು ಖೋಲಿಯ ಕಿಟಕಿಯ ಕೆಳಗೆ ಹಾಸಿದ. ಗುಡ್ಡ ಬರೆದ, ಓಣಿಗಳನ್ನು ಬರೆದ. ಹಳ್ಳದ ಹತ್ತಿರ ಬಂದಾಗ ಕೈ ನಿಂತಿತು. ಅದು ಈಗ ಎಲ್ಲಿ ಹರಿಯುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅತ್ತ ಕಣ್ಣು ಹಾಯಿಸಿರಲಿಲ್ಲ. ಯಾವುದರಿಂದ ಯಾವುದಕ್ಕೆ ಎಷ್ಟು ದೂರ, ಅಳೆದು ತಿಳಿಸು ಎಂದು ಬರೆದ.

ರಾಚವ್ವ ಸರಪಳಿಯನ್ನು ಎಲ್ಲಿಂದ ತರಬೇಕು? ನಡೆದು ಎಣಿಸಿದಳು. ಮಾಸ್ತರರು ಪಕ್ಕದಲ್ಲಿ ನಿಂತು ಬರೆದುಕೊಂಡರು. ಅಗಸಿಯಿಂದ ಗುಡಿಗೆ ಇನ್ನೂರ ಹತ್ತು ಹೆಜ್ಜೆ. ಗುಡಿಯಿಂದ ಹಳ್ಳದ ದಂಡೆಗೆ ಮುನ್ನೂರ ನಲವತ್ತು. ನಮ್ಮ ಹಿತ್ತಿಲಿನಿಂದ ದಂಡೆಗೆ ತೊಂಬತ್ತಾರು.

ಈಗ ಇನ್ನೊಂದು ತೊಡಕು ಎದುರಾಯಿತು. ಹೆಜ್ಜೆಯನ್ನು ಅಡಿಗೆ ತಿರುಗಿಸದೆ ನಕಾಶೆ ಆಗದು. ರಾಚವ್ವನ ಹೆಜ್ಜೆ ಎಷ್ಟು ಉದ್ದ? ಗದಿಗೆಪ್ಪ ಕಣ್ಣು ಮುಚ್ಚಿ ಕುಳಿತ. ಮದುವೆಯಾದ ಮೇಲೆ ದಾರಿಯಲ್ಲಿ ಅವಳು ಯಾವಾಗಲೂ ಅವನ ಹಿಂದೆ ನಡೆದವಳು. ಊರಿನ ಪದ್ಧತಿಯೇ ಹಾಗೆ. ಹಿಂದೆ ನಡೆಯುವವಳ ಕಾಲುಂಗುರದ ಸಪ್ಪಳ ಗೊತ್ತು, ಹೆಜ್ಜೆ ಗೊತ್ತಿಲ್ಲ. ಮುಂದಿನಿಂದ ಕಂಡದ್ದು ಹೊಲದಲ್ಲಿ ಮಾತ್ರ. ಬುತ್ತಿಯನ್ನು ಹೊತ್ತು, ಸೀರೆಯನ್ನು ಸ್ವಲ್ಪ ಮೇಲೆ ಸಿಕ್ಕಿಸಿ, ಬದುವಿನ ಮೇಲೆ ಬೀಸುಗಾಲು ಹಾಕಿ ಬರುತ್ತಿದ್ದಳು. ರೊಟ್ಟಿ ಆರುವುದರೊಳಗೆ ತಲುಪಬೇಕೆಂಬ ಅವಸರ. ಆ ನಡಿಗೆಯನ್ನು ಕಣ್ಣ ಮುಂದೆ ತಂದುಕೊಂಡು ಇಪ್ಪತ್ತಾರು ಅಂಗುಲ ಎಂದು ಅಂದಾಜು ಮಾಡಿದ. ಆ ಲೆಕ್ಕದಲ್ಲಿ ಸೀಸದಕಡ್ಡಿಯಿಂದ ಇಡೀ ಊರನ್ನು ಬರೆದು ಮುಗಿಸಿದ. ಹಿತ್ತಿಲಿನಿಂದ ಹಳ್ಳಕ್ಕೆ ಇನ್ನೂರೆಂಟು ಅಡಿ ಬಂತು. ಆದರೂ ಅವನದು ಅಂದಾಜಿಗೆ ಮಸಿ ಹಾಕುವ ಕೈಯಲ್ಲ. ನಾಚಿಕೆಯನ್ನು ಬದಿಗಿಟ್ಟು, ನಿನ್ನ ಒಂದು ಹೆಜ್ಜೆ ಎಷ್ಟು ಎಂದು ಕೇಳಿ ಬರೆದ.

ಹದಿನೈದು ದಿನಕ್ಕೆ ಬಂದ ಲಕೋಟೆಯಲ್ಲಿ ಒಂದು ನೂಲು ಇತ್ತು. ಎರಡೂ ತುದಿಗೆ ಗಂಟು. “ಈ ಗಂಟಿನಿಂದ ಆ ಗಂಟಿಗೆ ನನ್ನ ಒಂದು ಹೆಜ್ಜಿ. ಮಾಸ್ತರ ಎದುರಿಗೆ ಅಂಗಳದಾಗ ನಡದು ಅಳತಿ ಮಾಡಿಸಿಕೊಳ್ಳೂದು ಆತು ನನಗ. ಹುಡುಗರೆಲ್ಲ ನಗತಿದ್ವು,” ಎಂದಿತ್ತು.

ಗದಿಗೆಪ್ಪ ನೂಲನ್ನು ಹಿತ್ತಾಳೆಯ ಪಟ್ಟಿಯ ಮೇಲೆ ಎಳೆದು ಹಿಡಿದ. ಹತ್ತೊಂಬತ್ತು ಅಂಗುಲ.

ಮತ್ತೊಮ್ಮೆ ಹಿಡಿದ. ಹತ್ತೊಂಬತ್ತೇ.

ನೂಲು ಜಗ್ಗಿರಬಹುದು, ಮುದುಡಿರಬಹುದು ಎಂದು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅಳೆದ. ಅಂಗುಲ ಹೆಚ್ಚಾಗಲಿಲ್ಲ. ಬದುವಿನ ಮೇಲೆ ಬೀಸುಗಾಲು ಹಾಕಿ ಬರುತ್ತಿದ್ದವಳ ಹೆಜ್ಜೆ ಏಳು ಅಂಗುಲ ಕುಗ್ಗಿತ್ತು. ಯಾವ ವರ್ಷ ಕುಗ್ಗಿತೋ! ಅತ್ತೆಯನ್ನು ಎತ್ತಿ ಕೂಡಿಸುತ್ತ ಸೊಂಟ ಹಿಡಿಯಿತೋ, ಮೊಣಕಾಲು ನೋಯುತ್ತದೋ, ಅವಳು ಬರೆಸಿರಲಿಲ್ಲ; ಅವನು ಕೇಳಿರಲಿಲ್ಲ. ವರ್ಷಕ್ಕೆ ನಾಲ್ಕು ದಿನ ಕಟ್ಟೆಯ ಮೇಲೆ ಕುಳಿತವನಿಗೆ ಒಳಗೆ ಓಡಾಡುವವಳ ನಡಿಗೆ ಹೇಗೆ ಕಾಣಬೇಕು?

ಸೀಸದಕಡ್ಡಿಯ ಗೆರೆಗಳನ್ನೆಲ್ಲ ಅಳಿಸಿ ಹೊಸ ಅಳತೆಯಲ್ಲಿ ಮತ್ತೆ ಬರೆದ. ಊರು ಕಾಗದದ ಮೇಲೆ ಮುದುಡಿಕೊಂಡಿತು. ಹಿತ್ತಿಲಿನಿಂದ ಹಳ್ಳಕ್ಕೆ ನೂರೈವತ್ತೆರಡು ಅಡಿ. ಅವನು ಮುಂಬಯಿಯಲ್ಲಿ ಕುಳಿತು ದೂರವಿದೆ ಎಂದುಕೊಂಡಿದ್ದ ನೀರು ರಾಚವ್ವನ ಬಾಗಿಲಿಗೆ ಅಷ್ಟು ಹತ್ತಿರ ಬಂದಿತ್ತು. ಅದರ ಪಕ್ಕದಲ್ಲಿ ಅವಳು ಒಬ್ಬಳೇ ಮಲಗಿ ಏಳುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಅವನು ಖೋಲಿಯ ಬೀಗದ ಕೈಯನ್ನು ಮಾಲಕನಿಗೆ ಒಪ್ಪಿಸಿದ. ಎರಡೇ ಮಾತು: “ಆಕಿ ಬರೂದಿಲ್ರಿ. ಯಾರಿಗರ ಕೊಡ್ರಿ.” ಅಲ್ಲಿಂದ ನೆಟ್ಟಗೆ ಛಾಪಖಾನೆಗೆ ಹೋಗಿ ಕರಮರಕರರ ಮುಂದೆ ನಿಂತ.

“ರಜೆ? ಸುಗ್ಗಿಯಲ್ಲ, ಹಬ್ಬವಲ್ಲ, ಇದೆಂಥ ರಜೆ? ನಕಾಶೆ ತಯಾರ್ ಆಗೇದಲ್ಲ, ಟಪಾಲಿನಲ್ಲಿ ಹಾಕು,” ಎಂದರು ಅವರು.

“ಆಗಿಲ್ರಿ. ದಂಡಿ ಎತ್ತರ ನೋಡಬೇಕು. ನೀರಿನ ಗುರುತು ನೋಡಬೇಕು. ಕಾಗದದಾಗ ಕೇಳಿದ್ರ ತಿಳಿಯೂದಲ್ಲದು.”

“ಎಷ್ಟು ದಿನ?”

ಗದಿಗೆಪ್ಪನಿಗೆ ಸುಳ್ಳು ಹೇಳಲು ಬರಲಿಲ್ಲ. “ಸೇತುವಿ ಆಗೂತನಕಾ ರೀ. ಬೋರ್ಡಿನವರು ಎಷ್ಟು ದಿನ ಅಂತಾರೋ ಅಷ್ಟು.”

ಕರಮರಕರರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಬೋರ್ಡುಗಳ ಕೆಲಸ ಎಷ್ಟು ವರ್ಷದ್ದೆಂಬುದು ಅವರಿಗೂ ತಿಳಿದಿತ್ತು. “ಜಾ ಬಾಬಾ, ಜಾ,” ಎಂದರು ಮೆಲ್ಲನೆ. “ಇಂಥ ಕೈ ನನಗೆ ಮತ್ತೆಲ್ಲಿ ಸಿಗಬೇಕು?”

ದಾದರ್ ಸ್ಟೇಶನ್ನಿಗೆ ಬಸವಂತಪ್ಪ ರೊಟ್ಟಿಯ ಗಂಟು ಹಿಡಿದು ಬಂದಿದ್ದ. ಸೋಲಾಪುರದ ಗಾಡಿಯಲ್ಲಿ ಜಾಗ ಹಿಡಿದುಕೊಟ್ಟು, ಕಿಟಕಿಯಿಂದ ತಲೆ ತೂರಿಸಿ ಕೇಳಿದ: “ಗುಡ್ಡದ ದಾರಿ ಹಿಡೀತೀಯೋ, ಹಳ್ಳದ್ದೋ?”

“ಹಳ್ಳದ್ದು,” ಎಂದ ಗದಿಗೆಪ್ಪ.

“ನೀರು ಇರತಾವ.”

“ಇರಲಿ. ದಂಡಿಗೆ ಕುಂತಿರತೇನಿ. ಇಳದ ಮ್ಯಾಲ ದಾಟತೇನಿ. ಆಚಿ ದಂಡಿಗೆ ಆಕಿ ಬಂದು ನಿಂದರತಾಳ.”

ಗಾಡಿ ಹೊರಟಿತು. ಕಲ್ಯಾಣ ದಾಟಿ ಘಾಟು ಹತ್ತುವವರೆಗೂ ಅವನು ಸುರುಳಿ ಸುತ್ತಿದ ನಕಾಶೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಊರಿನ ಹೆಸರನ್ನೂ ಓಣಿಗಳನ್ನೂ ಗುಡಿಯನ್ನೂ ಅವನು ಮಸಿಯಿಂದ ಬರೆದು ಮುಗಿಸಿದ್ದ. ಹಳ್ಳವೊಂದನ್ನು ಮಾತ್ರ ಸೀಸದಕಡ್ಡಿಯಲ್ಲಿ, ತೀರ ತೆಳ್ಳಗೆ, ಹಾಗೆಯೇ ಬಿಟ್ಟಿದ್ದ.